ವಿಮಲಾ ಓದಿಟ್ಟ ಪಾಠಗಳು

ವಿಮಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕಾದು ಕೂಗಾಡುತ್ತಿದ್ದವರು ಕೂಡ ಅವಳ ದನಿ ಕೇಳಿದರೆ ತಗ್ಗುತ್ತಿದ್ದರು. ಹಾಗೆಂದು ಅವಳು ಸಾಧು ಸ್ವಭಾವದವಳೇನಲ್ಲ. ಲೈನ್ ಬಿಟ್ಟ ಮರುಕ್ಷಣ ಹೆಡ್‌ಫೋನ್ ಸರಿಸಿ, ಬೈದವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು ಎಂಬುದು ಪಕ್ಕದ ಕುರ್ಚಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಮದುವೆಯಾಗಲಿಲ್ಲ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡು, ಆಮೇಲೆ ಒಬ್ಬಳೇ ಉಳಿದಳು. ತಮ್ಮ ಸೀನು ಬ್ಯಾಂಕಿನಲ್ಲಿ ಆಫೀಸರ್, ಗಿರಿನಗರದಲ್ಲಿ ಹೆಂಡತಿ ಮಗಳ ಜೊತೆ ಇದ್ದ. ಭಾನುವಾರ ಬಂದು, ಅಕ್ಕನ ಕೈಯ ಕಾಫಿ ಕುಡಿದು, ಮನೆಯಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡಿಕೊಟ್ಟು ಹೋಗುವುದು ಅವನ ವಾಡಿಕೆ. ಕೆಲವು ಸಲ ಕೆಡದೆ ಇದ್ದದ್ದನ್ನೂ ರಿಪೇರಿ ಮಾಡುತ್ತಿದ್ದ.

ನಿವೃತ್ತಿಯಾದ ಮೇಲೆ ವಿಮಲಾ ನಾಲ್ಕನೇ ಬ್ಲಾಕಿನ ಲೈಬ್ರರಿಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಳು. ಅಲ್ಲಿ ಒಂದು ದಿನ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿಗೆ ಪುಸ್ತಕ ಓದಿ ಹೇಳುವವರು ಬೇಕಾಗಿದ್ದಾರೆ ಎಂದು ಗೋಡೆಗೆ ಅಂಟಿಸಿದ್ದರು. ಹಾಗೆ ಪರಿಚಯವಾದವನು ಸಿದ್ದಾರೂಢ. ಗದಗದ ಕಡೆಯವನು, ಮೂವತ್ತರ ಆಸುಪಾಸಿನ ವಯಸ್ಸು. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಒಂದು ಕಂಪನಿಯಲ್ಲಿ ಫೋನ್ ಬೋರ್ಡು ನೋಡಿಕೊಳ್ಳುತ್ತಿದ್ದ. ಅಂಚೆಯ ಮೂಲಕ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದ, ಲೆಕ್ಚರರ್ ಆಗಬೇಕು ಅಂತ. ಮೊದಲ ದಿನ ವಿಮಲಾ "ಹೇಳಿ" ಎಂದದ್ದೇ ತಡ, ಅವನು ತಲೆ ಓರೆ ಮಾಡಿ ಕೇಳಿದ, "ಮೇಡಂ, ನೀವು ಎಕ್ಸ್‌ಚೇಂಜ್‌ನ್ಯಾಗ ಇದ್ರೇನ್ರಿ?"

ಎದುರಿಗೆ ಕೂತು ಓದುವುದು ಅವನ ಡ್ಯೂಟಿಗೆ ಹೊಂದಲಿಲ್ಲ. ಹಾಗಾಗಿ ವಿಮಲಾ ಒಂದು ಕಂಪ್ಯೂಟರ್ ಕೊಂಡಳು, ಮೈಕ್ ಕೊಂಡಳು, ತನ್ನ ದನಿಯನ್ನು ಅದರಲ್ಲಿ ಹಿಡಿದಿಡುವುದನ್ನು ಬಿದ್ದು ಎದ್ದು ಕಲಿತಳು. ಮೊದಲ ಪುಸ್ತಕ ಸಿ.ಡಿ. ಮಾಡಿ ಕೊಟ್ಟಾಗ ಸಿದ್ದಾರೂಢ ಅದನ್ನು ಕೇಳಿ, ಫೋನ್ ಮಾಡಿ, "ನನಗ ಪುಸ್ತಕಾನ ಕಂಡಂಗ ಆತ್ರಿ" ಅಂದ. ಅವತ್ತು ವಿಮಲಾಗೆ ಊಟವೇ ಬೇಡವಾಗಿತ್ತು.

ಅಲ್ಲಿಂದ ಮುಂದೆ ಅದು ಅವಳಿಗೆ ಆಫೀಸೇ ಆಯಿತು. ಬೆಳಿಗ್ಗೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರುತ್ತಾ ಕೂರುತ್ತಿದ್ದಳು. ಸೊಪ್ಪಿನವಳು ಕೂಗಿದರೆ ನಿಲ್ಲಿಸುವುದು. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ನಿಲ್ಲಿಸುವುದು. ವಿಮಾನ ಹೋದರೆ ನಿಲ್ಲಿಸುವುದು. ಹಾಳೆ ಮಗುಚುವ ಸದ್ದು ಬಂದರೂ ಆ ಸಾಲನ್ನು ಅಳಿಸಿ ಮತ್ತೆ ಓದುವುದು. ದಕ್ಷಿಣ ಭಾರತದ ಆರ್ಥಿಕ ಇತಿಹಾಸದ ಒಂದು ದಪ್ಪ ಪುಸ್ತಕ ಮುಗಿಯುವ ಹೊತ್ತಿಗೆ ಬೇಸಿಗೆ ಹೋಗಿ ಮಳೆಗಾಲ ಕಳೆದಿತ್ತು. ಸಿದ್ದಾರೂಢ ಎರಡು ಮೂರು ಸಲ ಕೇಳಿದ್ದ, ಆದಷ್ಟು ಕೊಡ್ರಿ ಅಂತ. ಕೆಮ್ಮಿದ ಜಾಗಗಳನ್ನೆಲ್ಲ ಸರಿ ಮಾಡಿ ಒಟ್ಟಿಗೇ ಕೊಡುತ್ತೇನೆ ಎಂದು ಇವಳೇ ಮುಂದೂಡಿದ್ದಳು.

ಅಷ್ಟರಲ್ಲಿ ಕಂಪ್ಯೂಟರ್ ಕುಂಟತೊಡಗಿತು. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಎದ್ದಿರುತ್ತಿರಲಿಲ್ಲ. ಸೀನು ಹಿಂದಿನ ವಾರ ತನ್ನ ಪೆನ್ ಡ್ರೈವ್‌ನಲ್ಲಿ ಹಳೇ ಹಾಡು ತಂದು ಹಾಕಿದ್ದ, ಅವತ್ತಿನಿಂದಲೇ ಹೀಗೆ.

"ವೈರಸ್ ಬಂದಿದೆ ಅಕ್ಕ," ಅಂದ ಸೀನು, ಅದು ತಾನಾಗಿ ನಡೆದು ಬಂದಂತೆ. "ಫ್ಯಾಕ್ಟರಿ ರೀಸೆಟ್ ಮಾಡಿಬಿಡ್ತೀನಿ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗಾಗುತ್ತೆ."

"ನನ್ನ ಪಾಠಗಳು?"

"ಬ್ಯಾಕಪ್ ತಗೊಂಡೇ ಮಾಡೋದು. ನಾನೇನು ದಡ್ಡನಾ?"

ಅವನು ಪರದೆಯ ಮೇಲಿದ್ದ ಫೋಲ್ಡರಿನ ಚಿತ್ರವನ್ನು ಹಿಡಿದೆಳೆದು ಪೆನ್ ಡ್ರೈವಿಗೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. "ನೋಡು, ಎಷ್ಟು ಬೇಗ ಆಯ್ತು," ಅಂದ. ವಿಮಲಾಗೆ ಸಮಾಧಾನವಾಗಲಿಲ್ಲ. ಅಷ್ಟು ತಿಂಗಳ ಓದು ಇಷ್ಟು ಬೇಗ ಬಂದುಬಿಡುತ್ತದೆಯೇ ಎಂದು ಕೇಳಿದಳು. ಪೆನ್ ಡ್ರೈವಿನಿಂದಲೇ ಒಂದು ಪಾಠ ಹಾಕಿ ತೋರಿಸು ಎಂದು ಹಟ ಹಿಡಿದಳು. ಅವನು ಕ್ಲಿಕ್ ಮಾಡಿದ, ಚೋಳರ ಕೆರೆಗಳ ಬಗ್ಗೆ ಅವಳ ದನಿಯೇ ಮಾತಾಡಿತು. ಸರಿ ಎಂದು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು.

ಊಟವಾದ ಮೇಲೆ ಕಂಪ್ಯೂಟರ್ ಹೊಸದರಂತೆ ಚುರುಕಾಗಿ ಎದ್ದಿತು. ಸೀನು ಮತ್ತೊಂದು ಕಾಫಿ ಕೇಳಿದ. ವಿಮಲಾ ಲೋಟ ಅವನ ಕೈಗೆ ಕೊಟ್ಟು, ಪೆನ್ ಡ್ರೈವ್ ಸಿಕ್ಕಿಸಿ ಫೋಲ್ಡರ್ ಒತ್ತಿದಳು. ಪರದೆಯ ಮೇಲೆ ಒಂದು ಪುಟ್ಟ ಟಾರ್ಚ್ ಅತ್ತ ಇತ್ತ ಓಡಾಡಿ ಏನನ್ನೋ ಹುಡುಕಿತು. ಸಿಗಲಿಲ್ಲ ಎಂದು ಹೇಳಿ ನಿಂತಿತು.

ಸೀನು ಮೌಸ್ ಕಿತ್ತುಕೊಂಡ. ಒತ್ತಿದ, ಮತ್ತೆ ಒತ್ತಿದ. ಅವನ ಮುಖ ಬಾಡಿತು. ಅವನು ಕಾಪಿ ಮಾಡಿದ್ದು ಪಾಠಗಳನ್ನಲ್ಲ, ಪಾಠಗಳಿದ್ದ ಜಾಗಕ್ಕೆ ದಾರಿ ತೋರಿಸುವ ಶಾರ್ಟ್‌ಕಟ್ ಅನ್ನು. ಬೆಳಿಗ್ಗೆ ಅವಳ ದನಿ ಕೇಳಿಸಿದ್ದು ಪೆನ್ ಡ್ರೈವಿನಿಂದಲ್ಲ, ಕಂಪ್ಯೂಟರಿನೊಳಗಿಂದಲೇ. ಆ ಒಳಗನ್ನು ಈಗ ಅವನೇ ಒರೆಸಿ ಹಾಕಿದ್ದ.

ಇದನ್ನು ಅಕ್ಕನಿಗೆ ಬಿಡಿಸಿ ಹೇಳಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಆದರೆ ಸೀನು ಸುಮ್ಮನಿರುವ ಆಸಾಮಿಯಲ್ಲ. ನಗಲು ನೋಡಿದ.

"ಹೋಗ್ಲಿ ಬಿಡಕ್ಕ. ಪುಸ್ತಕ ಇದೆ, ನೀನಿದ್ದೀಯ. ಮತ್ತೆ ಓದಿದ್ರಾಯ್ತು. ನಿಂಗೂ ಟೈಮ್ ಪಾಸ್ ಆಗುತ್ತೆ."

ವಿಮಲಾ ಅವನ ಕೈಯಿಂದ ಕಾಫಿ ಲೋಟ ತೆಗೆದುಕೊಂಡಳು. ಇನ್ನೂ ಅರ್ಧ ಇತ್ತು. ಸಿಂಕಿಗೆ ಸುರಿದು, ಲೋಟ ತೊಳೆದು ಕವುಚಿ ಹಾಕಿ ಬಂದಳು. "ಎದ್ದು ಹೋಗು ಸೀನು," ಅಂದಳು. ಎಕ್ಸ್‌ಚೇಂಜಿನ ದನಿಯಲ್ಲೇ ಅಂದಳು. ಸೀನುವಿಗೆ ಆ ದನಿಯ ಅರ್ಥ ಗೊತ್ತಿತ್ತು. ಚಪ್ಪಲಿ ಹುಡುಕಿಕೊಂಡ.

ಸಿದ್ದಾರೂಢನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಮನೆಗೇ ಕರೆದಳು. ಅವನು ಕೈಕೋಲು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಎಲ್ಲ ಕೇಳಿದ. ಪಾಪ, ಬಿಡ್ರಿ ಎನ್ನುತ್ತಾನೆ ಎಂದು ಅವಳು ಒಳಗೊಳಗೇ ಎಣಿಸಿದ್ದಳು. ಅವನು ಹಾಗನ್ನಲಿಲ್ಲ.

"ಇನ್ನೊಂದು ಕಾಪಿ ಇಟ್ಟಿಲ್ಲೇನ್ರಿ?"

"ಇಲ್ಲ."

"ನಾ ಕೇಳಿದಾಗ ಕೊಟ್ಟಿದ್ರ ನನ್ನ ಹತ್ರ ಇರ್ತಿದ್ವಲ್ರಿ. ಕೆಮ್ಮು ಇದ್ರ ಏನಾಗತಿತ್ತು? ನನಗ ಬೇಕಾಗಿದ್ದು ಪಾಠ. ನಿಮ್ಮ ದನಿ ಚಂದ ಇರಬೇಕಂತ ನನ್ನ ಪರೀಕ್ಷಾ ಹಾಳಾತು."

ವಿಮಲಾಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ನನಗೇನು ಹಣೆಬರಹವಾ ಸಿದ್ದಾರೂಢ? ಫ್ಯಾನಿಲ್ಲದೆ ಕೂತು ಯಾರಿಗೋಸ್ಕರ ಓದಿದೆ ಅಂದ್ಕೊಂಡಿದ್ದೀರಿ?"

"ನೀವು ಓದಿದ್ದು ದೊಡ್ಡದು ರೀ. ಇಲ್ಲ ಅನ್ನಂಗಿಲ್ಲ. ಆದ್ರ ಉಪಕಾರ ಮಾಡಿದವ್ರ ಮ್ಯಾಲ ಸಿಟ್ಟಾಗಬಾರದಂದ್ರ ನಾನು ಯಾರ ಮ್ಯಾಲ ಆಗ್ಲಿ? ದಿನಾ ಯಾರರ ಒಬ್ರು ಉಪಕಾರ ಮಾಡ್ತಿರ್ತಾರ ನನಗ."

ಅವನು ಎದ್ದ. ಈಸ್ಟ್ ಎಂಡ್ ಬಸ್ ಸ್ಟಾಪಿನವರೆಗೆ ಬರುತ್ತೇನೆ ಎಂದರೆ ಬ್ಯಾಡ್ರಿ ಅಂದ. ಗೇಟಿನ ಚಿಲಕ ತಾನೇ ತೆಗೆದುಕೊಂಡು ಹೋದ. ವಿಮಲಾ ಗೇಟಿನ ಹತ್ತಿರವೇ ನಿಂತಿದ್ದಳು. ಕೃತಜ್ಞತೆ ಇಲ್ಲದವನು ಎಂದು ಬೈದುಕೊಂಡಳು. ಆಮೇಲೆ ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಅನ್ನಿಸಿತು. ಅದರಿಂದ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

ಸೀನು ಕಂಪ್ಯೂಟರನ್ನು ಜೆಪಿ ನಗರದ ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿ, ಅಳಿಸಿದ್ದನ್ನು ತೆಗೆಸಲು ನೋಡಿದ. ಚೂರುಪಾರು ಸಿಕ್ಕಿತು. ಎಲ್ಲೋ ಶುರುವಾಗಿ ಎಲ್ಲೋ ನಿಲ್ಲುವ ಅರ್ಧ ವಾಕ್ಯಗಳು, ಒಂದರಲ್ಲಿ ಬರೀ ಕುಕ್ಕರಿನ ಸೀಟಿ. ಅದನ್ನು ತಂದುಕೊಡುವಾಗ ಅವನು ಗೇಟಿನ ಹೊರಗೇ ನಿಂತಿದ್ದ.

ಮರುದಿನ ಸಂಜೆ ವಿಮಲಾ ಆ ದಪ್ಪ ಪುಸ್ತಕ ಮತ್ತು ಮೈಕನ್ನು ಚೀಲದಲ್ಲಿ ಹಾಕಿಕೊಂಡು ಆಟೋ ಹತ್ತಿ ಗಿರಿನಗರಕ್ಕೆ ಹೋದಳು. ಸೀನುವಿನ ಹೆಂಡತಿ ಉಪ್ಪಿಟ್ಟು ಮಾಡ್ಲಾ ಅಕ್ಕ ಎಂದು ಕೇಳಿದಳು.

"ಏನೂ ಬೇಡ ಕಣಮ್ಮ. ಇವನು ಓದ್ಬೇಕು. ಅರ್ಧ ಪುಸ್ತಕ ಇವನದು, ಅರ್ಧ ನನ್ನದು. ಪರೀಕ್ಷೆ ಹತ್ತಿರ ಇದೆ, ನನ್ನೊಬ್ಬಳ ಕೈಲಿ ಮುಗಿಯಲ್ಲ."

"ಅಕ್ಕ, ಆಫೀಸಿಂದ ಈಗ ತಾನೇ ಬಂದಿದ್ದೀನಿ..."

"ಟೈಮ್ ಪಾಸ್ ಆಗುತ್ತೆ, ಓದು."

ಮಗಳ ಕಂಪ್ಯೂಟರಿನ ಮುಂದೆ ಅವನನ್ನು ಕೂರಿಸಿ, ತಾನು ಪಕ್ಕದಲ್ಲಿ ಕೂತಳು. ಟಿ.ವಿ. ಆಫ್ ಮಾಡಿಸಿದಳು, ಫ್ಯಾನ್ ಆಫ್ ಮಾಡಿಸಿದಳು. ಸೀನು ಓದಿದ. ಮೊದಲ ಪುಟದಲ್ಲೇ ನಾಲಿಗೆ ತೊಡರಿತು. ಕಂದಾಯದ ಲೆಕ್ಕಗಳ ಜಾಗದಲ್ಲಿ ಸಾಲು ತಪ್ಪಿತು. ಹೊರಗೆ ಯಾರೋ ಹಾರ್ನ್ ಹೊಡೆದರು, ಮತ್ತೆ ಓದು ಅಂದಳು. ಹಾಳೆ ಸರಕ್ ಅಂದಿತು, ಮತ್ತೆ ಅಂದಳು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗಂಟಲು ಕಟ್ಟಿತು. ನೀರು ಕುಡಿದು, ಲೋಟ ಕೆಳಗಿಟ್ಟು, ತಲೆ ಎತ್ತದೆಯೇ ಅಂದ, "ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಅಕ್ಕ."

"ಕೇಳಿರ್ಲಿಲ್ಲ ನೀನು," ಅಂದಳು ವಿಮಲಾ. ಪುಟ ತೋರಿಸಿದಳು. ಅವನು ಮುಂದಕ್ಕೆ ಓದಿದ.

ಅಷ್ಟಾದರೂ ಅವಳಿಗೆ ಹಾಯೆನಿಸಲಿಲ್ಲ. ತಪ್ಪೊಪ್ಪಿಕೊಂಡವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಇನ್ನೂ ಕಷ್ಟ, ಆದರೂ ಇಟ್ಟುಕೊಂಡಳು. ಅಣ್ಣತಮ್ಮಂದಿರು ಏನನ್ನಾದರೂ ಒಡೆದು ನಕ್ಕುಬಿಟ್ಟರೆ ಅಕ್ಕಂದಿರು ಗುಡಿಸಿ ಎತ್ತಬೇಕು ಎಂಬ ಕಟ್ಟಳೆಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಅದೆಲ್ಲದರ ಮೇಲಿನ ಸಿಟ್ಟೂ ಈಗ ಬಂದು ಕೂಡಿಕೊಂಡಿತ್ತು.

ಸಿದ್ದಾರೂಢ ತಾನೇ ಫೋನ್ ಮಾಡಿದ. ಕ್ಷಮೆ ಕೇಳಲಿಲ್ಲ, ಇವಳೂ ಕೇಳಲಿಲ್ಲ. "ಪೂರಾ ಪುಸ್ತಕ ಆಗೂದಿಲ್ರಿ. ಪ್ರಶ್ನಿ ಬರೋ ಅಧ್ಯಾಯ ಅಷ್ಟ ಓದ್ರಿ. ಓದಿದ್ದು ಓದಿದಂಗ ಕೊಡ್ರಿ," ಅಂದ. ಓದಿದ್ದನ್ನು ಅವತ್ತವತ್ತೇ ಸಿ.ಡಿ. ಮಾಡಿ ಕೊಟ್ಟಳು. ಕೆಮ್ಮಿದ್ದು ಹಾಗೇ ಇತ್ತು, ಸೊಪ್ಪಿನವಳೂ ಇದ್ದಳು. ಸೀನು ಓದಿದ್ದನ್ನು ಕೇಳಿ ಅವನು, "ಇವ್ರು ಯಾರ್ರಿ? ಬ್ಯಾಂಕಿನ ನೋಟೀಸ್ ಓದಿದಂಗ ಓದ್ಯಾರ" ಅಂದಾಗ ವಿಮಲಾಗೆ ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು. ಫೋನಿನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಸಿದ್ದಾರೂಢ ಪಾಸಾದ. ಉಳಿದ ಪತ್ರಿಕೆಗಳಲ್ಲೆಲ್ಲ ಚೆನ್ನಾಗಿ ಬಂದು, ಆರ್ಥಿಕ ಇತಿಹಾಸದಲ್ಲಿ ಮಾತ್ರ ಕಡಿಮೆ ಬಿದ್ದು ಫಸ್ಟ್ ಕ್ಲಾಸ್ ತಪ್ಪಿತು. ಫಲಿತಾಂಶ ಹೇಳಲು ಧಾರವಾಡ ಪೇಡ ಹಿಡಿದುಕೊಂಡು ಬಂದಿದ್ದ. ವಿಮಲಾ ಅವನ ಮುಖ ನೋಡಿದಳು.

"ನನ್ನ ಮೇಲೆ ಸಿಟ್ಟು ಹೋಯ್ತಾ?"

"ಪೂರಾ ಹೋಗಿಲ್ರಿ," ಅಂದ ಅವನು. "ಫಸ್ಟ್ ಕ್ಲಾಸ್ ಆಗಿದ್ರ ಹೋಗತಿತ್ತು."

"ನನಗೂ ಸೀನು ಮೇಲೆ ಹೋಗಿಲ್ಲ," ಅಂದಳು. ಇಬ್ಬರೂ ಪೇಡ ತಿಂದರು.

ಮುಂದಿನ ವರ್ಷ ಅವನು ಲೆಕ್ಚರರ್ ಪರೀಕ್ಷೆಗೆ ಕೂತ. ಅದಕ್ಕೆ ಬೇಕಾದ ಪುಸ್ತಕಗಳನ್ನೂ ವಿಮಲಾಳೇ ಓದಿದಳು, ಜೊತೆಗೆ ಅವನು ಕಳಿಸಿದ ಇನ್ನಿಬ್ಬರಿಗೂ ಓದಿದಳು. ಸೀನು ಭಾನುವಾರ ಬರುವುದನ್ನು ಬಿಡಲಿಲ್ಲ. ಮಿಕ್ಸಿ, ನಲ್ಲಿ, ಗೇಟಿನ ಕೀಲು ಅವನು ಮುಟ್ಟಬಹುದಿತ್ತು. ಕಂಪ್ಯೂಟರಿನ ಕೋಣೆಗೆ ಕಾಲಿಡುವ ಮುಂಚೆ ಮಾತ್ರ, ಐವತ್ತು ದಾಟಿದ ಆ ಬ್ಯಾಂಕ್ ಆಫೀಸರ್ ಬಾಗಿಲಲ್ಲಿ ನಿಂತು, "ಅಕ್ಕ, ಬರ್ಲಾ?" ಎಂದು ಕೇಳುತ್ತಿದ್ದ. ಹೆಚ್ಚಿನ ಸಲ ಅವಳು ಬೇಡ ಅನ್ನುತ್ತಿದ್ದಳು.