ಅಮ್ಮ ಮೈ ತುಂಬಿಸಿದ ಎತ್ತು

ಮಧುಗಿರಿ ಕಡೆಯ ನಮ್ಮ ಮನೆಯಲ್ಲಿದ್ದ ಬಡಕಲು ಎತ್ತಿಗೆ ಅಮ್ಮ ಹುರುಳಿ ಬೇಯಿಸಿ ಹಾಕಿ ಒಂದೇ ಬೇಸಿಗೆಯಲ್ಲಿ ಮೈ ತುಂಬಿಸಿದ್ದಳು ಎಂದು ನಂಬಿಕೊಂಡು ಬಂದಿದ್ದೇನೆ. ಬೆಂದ ಹುರುಳಿಯ ಕಟ್ಟು ನಮ್ಮ ಸಾರಿಗೆ, ಕಾಳು ಎತ್ತಿಗೆ. ಬಿಸಿ ಮುದ್ದೆ, ಒಗ್ಗರಣೆಯ ಬೆಳ್ಳುಳ್ಳಿ, ಹೊರಗೆ ಎತ್ತು ಕಲ್ಲುಬಾನಿ ನೆಕ್ಕುವ ಸದ್ದು ಎಲ್ಲವೂ ನೆನಪಿನಲ್ಲಿ ಇನ್ನೂ ಹಾಗೇ ಇವೆ. ಆದರೆ ಮೈ ತುಂಬಿದ ಎತ್ತು ಎಷ್ಟು ಯೋಚಿಸಿದರೂ ಕಣ್ಣಿಗೆ ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅಂಟಿಸಿಕೊಂಡ ಅನುಮಾನದ ಚಾಳಿ ನನ್ನನ್ನು ಸುಮ್ಮನಿರಲು ಬಿಡದು. ಕೇಳೋಣವೆಂದರೆ ಅಮ್ಮ ಈಗಿಲ್ಲ.

ಹೋದ ಬೇಸಿಗೆ ಕೊರಟಗೆರೆ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಕರುವಾಗಿದ್ದಾಗಿನಿಂದ ಅವಳೇ ಸಾಕಿದ ಜೋಡಿಯಲ್ಲಿ ಒಂದು ಎತ್ತು ಸೊರಗಿತ್ತು. ರೋಗವೇನಿಲ್ಲ, ಬರೀ ರಾಗಿಹುಲ್ಲು ಸಾಲದು ಎಂದಿದ್ದರು ದನದ ಡಾಕ್ಟರು. ಮುಂದಿನ ಸಂತೆಗೆ ಹೊಡೆದು ಮಾರಿಬಿಡುತ್ತೇನೆಂದು ಭಾವ ಪಟ್ಟು ಹಿಡಿದಿದ್ದರು.

“ಇದ್ಕಿಂತ ಬಡವಾದ್ದನ್ನ ಅಮ್ಮ ಎತ್ತಿ ನಿಲ್ಸಿರ್ಲಿಲ್ವೇನ್ಲಾ? ಹೇಳು ನಿಮ್ ಭಾವಂಗೆ,” ಎಂದಳು ಅಕ್ಕ.

“ಗ್ಯಾರಂಟಿ ಹೇಳಾಕಾಗಲ್ಲ ಕಣಕ್ಕ. ಹುರುಳಿಯಿಂದ್ಲೋ, ಉಳುಮೆ ಇಲ್ದೆ ಸುಮ್ನೆ ನಿಂತಿದ್ರಿಂದ್ಲೋ…”

“ಅಮ್ಮನ ಸಾರು ಉಂಡ ಬಾಯಿ ಕಣ್ಲಾ ಅದು! ಇಂಗಾ ಮಾತಾಡೋದು?”

ಭಾವ ನಕ್ಕರು. “ನಿನ್ ಕಡೆ ಸಾಕ್ಷಿ ಹೇಳಾಕೆ ಬಂದೋನು ನನ್ ಕಡೆ ವಕಾಲತ್ತು ಹಾಕ್ಬುಟ್ಟ ಕಣೇ.”

ಅಕ್ಕನ ಮುಖ ಇಳಿಯಿತು. ನೆನಪನ್ನು ಬದಿಗಿಟ್ಟು, ಓದಿ ತಿಳಿದದ್ದನ್ನು ಹೇಳಿದೆ. ಬರೀ ಹುಲ್ಲು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಸ್ವಲ್ಪ ಹಿಂಡಿಯೋ ಕಾಳೋ ಸೇರಿದರೆ ಅದು ಬೇಗ ಕರಗುತ್ತದೆ, ದನ ಹುಲ್ಲನ್ನೂ ಹೆಚ್ಚು ತಿನ್ನುತ್ತದೆ. “ಸಂತೆವರ್ಗೂ ಹಾಕಿ, ದಿನಾ ಬೆಳಿಗ್ಗೆ ಗೋದಲೆಯಲ್ಲಿ ಎಷ್ಟು ಹುಲ್ಲು ಉಳೀತದೆ ನೋಡಿ ಭಾವ. ಕಮ್ಮಿ ಆಗ್ದಿದ್ರೆ ಸಂತೆಗೆ ಹೊಡೀರಿ.”

ಅಕ್ಕ ನೆನೆಸಿದ ಕಡಲೆಕಾಯಿ ಹಿಂಡಿಗೆ ಬೆಂದ ಹುರುಳಿಯನ್ನೂ ಕಲಸಿದಳು. ಎರಡೂ ಹಾಕಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದು ಹೇಗೆ ಎಂದು ಕೇಳಿದೆ.

“ಎತ್ತಿಗೆ ತಿಳಿದ್ರೆ ಸಾಕು ಬುಡು.”

ಸಂತೆಯ ದಿನ ಬೆಳಿಗ್ಗೆ ಭಾವ ಹಗ್ಗ ಹಿಡಿದು ಕೊಟ್ಟಿಗೆಗೆ ಹೋದರು. ಅಕ್ಕ ಬಾಗಿಲಲ್ಲೇ ನಿಂತಳು. ವಾರದ ಹಿಂದೆ ಅರ್ಧ ಹುಲ್ಲು ಬಿಡುತ್ತಿದ್ದ ಎತ್ತಿನ ಗೋದಲೆಯಲ್ಲಿ ನಾಲ್ಕು ಕಡ್ಡಿ ಉಳಿದಿದ್ದವು. ಪಕ್ಕೆಲುಬುಗಳು ಮಾತ್ರ ಇನ್ನೂ ಹಾಗೇ ಕಾಣುತ್ತಿದ್ದವು. ಭಾವ ಅವುಗಳ ಮೇಲೆ ಕೈಯಾಡಿಸಿದರು. ಆಮೇಲೆ ಹಗ್ಗವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ ಅಕ್ಕನ ಕಡೆ ತಿರುಗಿ ಗದರಿದರು:

“ಅಂಗೇ ನಿಂತ್ಕಂಡ್ರೆ? ಮೆದೆಯಿಂದ ಇನ್ನೊಂದ್ ಕಂತೆ ಎಳ್ಕಂಬಾ ಹೋಗು.”