ಎರಡೂ ಕಾಲು ಮುರಿದವಳು ಓಡಿಬಂದ ದಿನ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊಲಿಗೆ ಕೋಣೆ. ಹರಿದ ಹೊದಿಕೆ, ಗುಂಡಿ ಕಿತ್ತ ನಿಲುವಂಗಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ಕೊನೆಗೆ ಬಂದು ಬೀಳುತ್ತಿದ್ದುದು ಅಲ್ಲಿಗೇ. ಇಪ್ಪತ್ತಾರು ವರ್ಷದಿಂದ ಅಲ್ಲಿ ಮಷೀನು ತುಳಿಯುತ್ತಿದ್ದವಳನ್ನು ಕಸ ಗುಡಿಸುವವರಿಂದ ದೊಡ್ಡ ಡಾಕ್ಟರವರೆಗೆ ಎಲ್ಲರೂ ಕರೆಯುತ್ತಿದ್ದುದು ಹೊಲಿಗೆಯಕ್ಕ ಅಂತಲೇ. ಕೋಣೆಗೆ ಇದ್ದುದು ಒಂದೇ ಕಿಟಕಿ, ಅದೂ ಸೂರಿನ ಹತ್ತಿರ. ಅದರಲ್ಲಿ ಕಾಣುತ್ತಿದ್ದುದು ಅಂಗಳದಲ್ಲಿ ಓಡಾಡುವವರ ಪಾದಗಳು ಮಾತ್ರ. ನಡಿಗೆ ನೋಡಿಯೇ ಆಳು ಯಾರೆಂದು ಹೇಳುವಷ್ಟು ಅವಳು ಪಳಗಿದ್ದಳು.

ಒಂದು ದಿನ ಆಂಬುಲೆನ್ಸ್ ನರ್ಸ್ ಬಾಗಿಲಲ್ಲಿ ಬಂದು ನಿಂತು, "ಅಕ್ಕ, ಒಂದರ್ಧ ಗಂಟೆ ಸುಮ್ನೆ ಮಲಗೋಕೆ ಬರ್ತೀರಾ?" ಎಂದು ಕೇಳಿದಳು.

"ಯಾಕಮ್ಮ, ನನಗೇನಾಗಿದೆ?"

"ಏನೂ ಆಗಿಲ್ಲ. ಆಗಿದೆ ಅಂತ ಅಂದ್ಕೋಬೇಕು. ಹೊಸಬರಿಗೆ ತರಬೇತಿ. ಸ್ಟ್ರೆಚರ್ ಮೇಲೆ ಮಲಗೋಕೆ ಬರಬೇಕಿದ್ದೋರು ಬಂದಿಲ್ಲ. ನೀವಾದ್ರೆ ಹಗುರ ಇದೀರಿ."

ಹಾಗೆ ಅರ್ಧ ಗಂಟೆಗೆಂದು ಹೋದವಳು ಹನ್ನೆರಡು ವರ್ಷ ಮಲಗಿದಳು. ಮುದುಡಿದ ಬಸ್ಸಿನೊಳಗೆ, ಚರಂಡಿಯ ಕೊಳವೆಯೊಳಗೆ, ಬಂಡೆಯ ಅಂಚಿನಲ್ಲಿ, ನೀರು ನಿಂತ ಗುಂಡಿಯಲ್ಲಿ. ಎಲ್ಲಿ ತರಬೇತಿ ನಡೆದರೂ ಗಾಯಾಳು ಅವಳೇ. ತೂಕ ನಲವತ್ತೈದು ಕಿಲೋ ದಾಟದ ಅವಳೆಂದರೆ ಸ್ಟ್ರೆಚರ್ ಹೊರುವವರಿಗೆ ಪಂಚಪ್ರಾಣ. ಕೊರಳಿಗೊಂದು ಚೀಟಿ ಕಟ್ಟುತ್ತಿದ್ದರು. 'ಎಡ ಪಕ್ಕೆಲುಬು ಮುರಿದಿದೆ, ಮಾತಾಡಬಲ್ಲಳು' ಎಂದಿದ್ದರೆ ಮಾತಾಡಬೇಕು. 'ಪ್ರಜ್ಞೆಯಿಲ್ಲ' ಎಂದಿದ್ದರೆ ಇರುವೆ ಕಚ್ಚಿದರೂ ಕಣ್ಣು ಬಿಡುವಂತಿಲ್ಲ.

ಮನೆಯಲ್ಲಿ ಇದೊಂದು ದೊಡ್ಡ ತಮಾಷೆಯಾಗಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಂಜೆ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಇವತ್ತು ಎಷ್ಟು ಸಲ ಬದುಕಿಸಿದ್ರು?" ಎಂದು ಕೇಳುತ್ತಿದ್ದ. ಅತ್ತೆಗೆ ಮಾತ್ರ ಇದು ಸುತರಾಂ ಹಿಡಿಸುತ್ತಿರಲಿಲ್ಲ. "ಮನೇಲಿ ಒಂದು ಗಳಿಗೆ ಬೆನ್ನು ನೆಲಕ್ಕೆ ತಾಗಿಸಲ್ಲ. ಅಲ್ಲಿ ಹೋಗಿ ಕಲ್ಲಿನ ಮೇಲೆ ಸತ್ತೋರ ಹಾಗೆ ಬಿದ್ಕೊಳ್ತೀಯಲ್ಲ! ಬಿಡ್ತು ಅನ್ನು."

"ಬಿಡ್ತು ಅತ್ತೆ," ಎನ್ನುತ್ತಿದ್ದಳು ಅವಳು. ಮುಂದಿನ ವಾರ ಮತ್ತೆ ಹೊರಡುತ್ತಿದ್ದಳು.

ಯಾಕೆ ಹೋಗುತ್ತಿದ್ದಳೆಂದು ಅವಳಿಗೂ ಚೆನ್ನಾಗಿ ಗೊತ್ತಿರಲಿಲ್ಲ. ದಿನವಿಡೀ ಬಗ್ಗಿ ಹೊಲಿಯುವವಳಿಗೆ ಆಕಾಶ ನೋಡುತ್ತಾ ಮಲಗುವುದು ಮೊದಮೊದಲು ಸುಖವೆನಿಸಿತ್ತು, ನಿಜ. ಆಮೇಲೆ ಬೇರೆಯದೇನೋ ಕಾಣತೊಡಗಿತು. ಮಲಗಿದವರಿಗೆ ನಿಂತವರ ಗುಣ ಬೇಗ ಗೊತ್ತಾಗುತ್ತದೆ. ಕೆಲವರು ಬಂದವರೇ ಕೊರಳ ಚೀಟಿ ಓದುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಕೆಲವರು ಅವಳ ಮೇಲಿಂದಲೇ ಒಬ್ಬರಿಗೊಬ್ಬರು ಊಟದ ವಿಷಯ ಮಾತಾಡುತ್ತಿದ್ದರು. ಅಪರೂಪಕ್ಕೆ ಒಬ್ಬರು ಭುಜದ ಮೇಲೆ ಕೈಯಿಟ್ಟು, "ಈಗ ನಿಮ್ಮನ್ನ ಎತ್ತುತೀವಿ, ಸ್ವಲ್ಪ ನೋವಾಗುತ್ತೆ" ಎನ್ನುತ್ತಿದ್ದರು. ಅಂಥವರ ಕೈಗೆ ಸಿಕ್ಕರೆ, ಏನೂ ಆಗಿಲ್ಲದಿದ್ದರೂ ಕಣ್ಣು ತುಂಬಿಬರುತ್ತಿತ್ತು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ತರಬೇತಿ ಮುಗಿದ ಮೇಲೆ ಎಲ್ಲರ ಅಭಿಪ್ರಾಯ ಕೇಳುತ್ತಿದ್ದರು, ಗಾಯಾಳುವಿನದನ್ನು ಬಿಟ್ಟು.

ಆ ವರ್ಷ ಮೊದಲ ಸಲ ಮೂರು ತಂಡಗಳಿಗೆ ಜಂಟಿ ತರಬೇತಿ ಇಟ್ಟರು. ಅಗ್ನಿಶಾಮಕದವರು, ಹಗ್ಗ ಕಟ್ಟಿ ಬಂಡೆ ಹತ್ತುವ ಸ್ವಯಂಸೇವಕರು, ಆಸ್ಪತ್ರೆಯ ಆಂಬುಲೆನ್ಸಿನವರು. ಜಾಗ, ಮುಚ್ಚಿ ಎಷ್ಟೋ ವರ್ಷವಾಗಿದ್ದ ನೂಲಿನ ಗಿರಣಿ. ಅದರ ಒಂದು ಬದಿಯನ್ನು ಬೇಕೆಂದೇ ಕೆಡವಿ, ಕಟ್ಟಡ ಕುಸಿದಿದೆ ಎಂಬ ಸನ್ನಿವೇಶ ಮಾಡಿದ್ದರು. ಹೊಲಿಗೆಯಕ್ಕನನ್ನು ಬೆಳಿಗ್ಗೆ ಹತ್ತಕ್ಕೆ ಕೆಳಗಿನ ಉಗ್ರಾಣದಲ್ಲಿ ಮಲಗಿಸಿದರು. ಚೀಟಿಯಲ್ಲಿ 'ಎರಡೂ ಕಾಲು ಮುರಿದಿವೆ' ಎಂದಿತ್ತು. ಪಕ್ಕದಲ್ಲಿ ಇನ್ನೊಬ್ಬ ಗಾಯಾಳು, ಕೆಲಸದಿಂದ ನಿವೃತ್ತನಾಗಿದ್ದ ಅಂಚೆಯಣ್ಣ. ಅವನ ಚೀಟಿಯಲ್ಲಿ 'ಪ್ರಜ್ಞೆಯಿಲ್ಲ' ಎಂದಿತ್ತು.

"ನಿಮ್ಮದೇ ಸುಖ ಅಣ್ಣ, ನಿದ್ದೆ ಮಾಡಿದ್ರೂ ಕೆಲಸ ಮಾಡಿದ ಹಾಗೆ," ಎಂದಳು ಅವಳು.

"ಮೂವತ್ತೆಂಟು ವರ್ಷ ನಡೆದಿದೀನಿ ತಾಯಿ. ಮಲಗೋಕೆ ಕರೆದ್ರೆ ಬೇಡ ಅಂತೀನಾ?" ಎಂದು ನಕ್ಕು ಅವನು ಕಣ್ಣು ಮುಚ್ಚಿದ.

ಮೊದಲು ಬಂದವರು ಬಂಡೆ ಹತ್ತುವವರು. ಸಂದಿಯಿಂದ ಇಬ್ಬರು ಇಣುಕಿ, ಚೀಟಿಗಳನ್ನು ಓದಿ, ಅಡ್ಡ ಬಿದ್ದ ತೊಲೆ ಎತ್ತಲು ಸಲಕರಣೆ ಬೇಕೆಂದು ಮಾತಾಡಿಕೊಂಡು, ಬಾಗಿಲಿಗೆ ಹಳದಿ ಪಟ್ಟಿ ಕಟ್ಟಿ ಹೋದರು. ಅವರ ಲೆಕ್ಕದಲ್ಲಿ ಹಳದಿ ಎಂದರೆ 'ಒಳಗೆ ಜನ ಇದ್ದಾರೆ, ಬನ್ನಿ'. ಸ್ವಲ್ಪ ಹೊತ್ತಿಗೆ ಅಗ್ನಿಶಾಮಕದವರ ಬೂಟಿನ ಸದ್ದು ಕೇಳಿಸಿತು. ಬಾಗಿಲವರೆಗೆ ಬಂದ ಸದ್ದು ಅಲ್ಲೇ ನಿಂತು ತಿರುಗಿ ಹೋಯಿತು. ಅವರ ಲೆಕ್ಕದಲ್ಲಿ ಹಳದಿ ಎಂದರೆ 'ಹುಡುಕಿ ಆಗಿದೆ, ಯಾರೂ ಇಲ್ಲ'.

ಹನ್ನೊಂದಾಯಿತು, ಹನ್ನೆರಡಾಯಿತು. ಸಿಮೆಂಟು ನೆಲದ ತಂಪು ಬೆನ್ನಿನಿಂದ ಎದೆಗೆ ಏರಿತು. ಮೇಲೆ ಯಾರೋ ಕೂಗುವುದು, ಏನನ್ನೋ ಕೊಯ್ಯುವುದು ಕೇಳುತ್ತಿತ್ತು. ತನ್ನನ್ನು ಮರೆತಿದ್ದಾರೆ ಎಂದು ಅವಳಿಗೆ ಹೊಳೆದದ್ದು ಆಗಲೇ. ವಿಚಿತ್ರವೆಂದರೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಕೂಗಿದರೆ ಏನಂದುಕೊಂಡಾರು ಎನ್ನುವ ನಾಚಿಕೆ. ನಿಜವಾಗಿ ಸಿಕ್ಕಿಬಿದ್ದವರಿಗೂ ಹೀಗೇ ಆಗುತ್ತದೇನೋ ಎಂದು ಯೋಚಿಸುತ್ತಾ ಮಲಗಿದಳು.

"ಅಣ್ಣ, ಹಸಿವಾಗ್ತಿಲ್ವಾ?" ಎಂದಳು ಒಮ್ಮೆ. ಉತ್ತರವಿಲ್ಲ. ಪಾತ್ರದೊಳಗೆ ಚೆನ್ನಾಗಿ ಹೊಕ್ಕಿದ್ದಾನೆ ಎಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವನು ಏನೋ ಗೊಣಗಿದ. ಒಂದು ಪದವೂ ನೆಟ್ಟಗಿರಲಿಲ್ಲ. ಕೈ ಚಾಚಿ ಅವನ ಹಣೆ ಮುಟ್ಟಿ ನೋಡಿದಳು. ತಂಪು ನೆಲದ ಮೇಲೆ ಮಲಗಿದವನ ಹಣೆಯಲ್ಲಿ ನೀರು ಹರಿಯುವಂತೆ ಬೆವರು!

ಅವಳು ಎದ್ದು ಕೂತಳು. ಅಂಚೆಯಣ್ಣನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಬೆಳಿಗ್ಗೆ ಅವನೇ ಹೇಳಿದ್ದ. ಇಂಜೆಕ್ಷನ್ ತಗೊಂಡು ಬಂದಿದ್ದೇನೆ, ಹನ್ನೊಂದಕ್ಕೆಲ್ಲ ಊಟ ಸಿಗುತ್ತದಂತೆ ಎಂದೂ ಹೇಳಿದ್ದ. ಈಗ ಒಂದು ಗಂಟೆ ಆಗುತ್ತ ಬಂದಿತ್ತು.

ನಿಜವಾದ ತೊಂದರೆ ಬಂದರೆ ಮೂರು ಸಲ ಊದಿ ಎಂದು ಆಂಬುಲೆನ್ಸಿನವರು ಬೆಳಿಗ್ಗೆಯೇ ಕೈಗೊಂದು ಸೀಟಿ ಕೊಟ್ಟಿದ್ದರು. ಅವಳು ಉಸಿರು ಕಟ್ಟಿ ಮೂರು ಸಲ ಊದಿದಳು. ತಕ್ಷಣ ಮೇಲೆ ಬೂಟುಗಳ ಸದ್ದು ಎದ್ದಿತು. ಬಂದರು ಎಂದುಕೊಂಡಳು. ಆದರೆ ಸದ್ದು ದೂರ ದೂರ ಹೋಯಿತು. ಅಗ್ನಿಶಾಮಕದವರಿಗೆ ಮೂರು ಸೀಟಿ ಎಂದರೆ 'ಕಟ್ಟಡ ಬೀಳುತ್ತಿದೆ, ಎಲ್ಲರೂ ಹೊರಗೆ ಓಡಿ'. ಅವರು ಓಡಿದ್ದು ನೋಡಿ ಉಳಿದವರೂ ಓಡಿದ್ದರು. ಎರಡು ನಿಮಿಷದಲ್ಲಿ ಗಿರಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಕಲಿಸಿರಲಿಲ್ಲ ಎನ್ನುವುದೂ ಸರಿಯಲ್ಲ. ಹನ್ನೆರಡು ವರ್ಷ ಅವಳ ಮೈಮೇಲೆಯೇ ಕಲಿಸಿದ್ದರು. ಅಂಚೆಯಣ್ಣನ ಒಂದು ಮೊಣಕಾಲು ಮಡಿಸಿ, ಭುಜ ಹಿಡಿದು, ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದಳು. ಗದ್ದ ಎತ್ತಿ ಬಾಯಿ ನೆಲದತ್ತ ತಿರುಗಿಸಿದಳು. ತನ್ನ ಸ್ವೆಟರ್ ಬಿಚ್ಚಿ ಹೊದಿಸಿದಳು. ಕಿವಿಯ ಹತ್ತಿರ ಬಗ್ಗಿ, "ಅಣ್ಣ, ಜನ ಕರೆಯೋಕೆ ಹೋಗ್ತಿದೀನಿ. ಬಿಟ್ಟು ಹೋಗ್ತಿಲ್ಲ, ಬರ್ತೀನಿ" ಎಂದಳು. ಅಡ್ಡ ಬಿದ್ದ ತೊಲೆಯ ಕೆಳಗಿನ ಸಂದಿಯಲ್ಲಿ ನುಸುಳಿದಳು. ಹಗುರ ಮೈ ಆ ದಿನ ಅವಳದೇ ಕೆಲಸಕ್ಕೆ ಬಂತು.

ಹೊರಗೆ ಬಯಲಿನಲ್ಲಿ ಮೂರು ತಂಡಗಳೂ ಸಾಲಾಗಿ ನಿಂತು ತಲೆ ಎಣಿಸುತ್ತಿದ್ದವು. ಕೊರಳಲ್ಲಿ 'ಎರಡೂ ಕಾಲು ಮುರಿದಿವೆ' ಎಂಬ ಚೀಟಿ ತೂಗಾಡಿಸಿಕೊಂಡು ಒಬ್ಬ ಹೆಂಗಸು ಬಿದ್ದೆನೋ ಕೆಟ್ಟೆನೋ ಎಂದು ಓಡಿಬರುವುದನ್ನು ನೋಡಿ ಮೊದಲು ಒಬ್ಬ ನಕ್ಕ, ಆಮೇಲೆ ಸಾಲಿಗೆ ಸಾಲೇ ನಕ್ಕಿತು.

"ಅಂಚೆಯಣ್ಣಂಗೆ ಎಚ್ಚರ ತಪ್ಪಿದೆ! ಕೆಳಗಡೆ!" ಎಂದು ಕೂಗಿದಳು.

ಅಗ್ನಿಶಾಮಕದ ಅಧಿಕಾರಿ ಕೈಯಲ್ಲಿದ್ದ ಹಾಳೆ ನೋಡಿ, "ಹೌದಮ್ಮ, ಅವರದ್ದು ಎಚ್ಚರ ತಪ್ಪಿದ ಪಾತ್ರವೇ. ನೀವ್ಯಾಕೆ ಎದ್ದು ಬಂದ್ರಿ?" ಎಂದ.

ಅವಳು ಕೊರಳ ಚೀಟಿ ಕಿತ್ತು ನೆಲಕ್ಕೆ ಬಿಸಾಕಿದಳು. "ಹಾಳೆ ಬಿಡಿ ಸ್ವಾಮಿ, ನನ್ನ ಮುಖ ನೋಡಿ! ಇದು ನಾಟಕ ಅಲ್ಲ!"

ಆ ದನಿ ಕೇಳಿ ಆಂಬುಲೆನ್ಸ್ ನರ್ಸ್ ಬ್ಯಾಗು ಎತ್ತಿಕೊಂಡು ಓಡಿದಳು. ಹನ್ನೆರಡು ವರ್ಷದಲ್ಲಿ ಹೊಲಿಗೆಯಕ್ಕ ಒಮ್ಮೆಯೂ ದನಿ ಏರಿಸಿದ್ದನ್ನು ಅವಳು ಕಂಡಿರಲಿಲ್ಲ. ಹಿಂದೆಯೇ ಅಧಿಕಾರಿಯೂ ಓಡಿದ. ಬಂಡೆ ಹತ್ತುವವರ ನಾಯಕಿ ಸಂದಿಯಲ್ಲಿ ಮೊದಲು ಇಳಿದಳು. ನರ್ಸ್ ಒಳಗೆ ತೂರಿ ಗ್ಲೂಕೋಸಿನ ಸೂಜಿ ಹಾಕಿದಳು, ಅಗ್ನಿಶಾಮಕದವರು ತೊಲೆ ಎತ್ತಿದರು. ಬೆಳಿಗ್ಗೆಯಿಂದ ಆಗದ ಜಂಟಿ ಕೆಲಸ ಹನ್ನೊಂದು ನಿಮಿಷದಲ್ಲಿ ಆಗಿಹೋಯಿತು. ಸ್ಟ್ರೆಚರ್ ಮೇಲೆ ಕಣ್ಣು ಬಿಟ್ಟ ಅಂಚೆಯಣ್ಣ ಸುತ್ತ ನೆರೆದವರನ್ನೆಲ್ಲ ನೋಡಿ, "ಊಟ ಬಂತಾ?" ಎಂದ.

ಮಧ್ಯಾಹ್ನ ಪರಿಶೀಲನಾ ಸಭೆ. ಮಡಚುವ ಕುರ್ಚಿಗಳು, ಕಾಗದದ ಲೋಟಗಳಲ್ಲಿ ಚಹಾ. ನಮ್ಮ ಪುಸ್ತಕದಲ್ಲಿ ಹಳದಿ ಅಂದ್ರೆ ಹೀಗೆ ಎಂದು ಒಬ್ಬರು, ನಮ್ಮ ಸೀಟಿಗೆ ಅರ್ಥ ಹಾಗೆ ಎಂದು ಇನ್ನೊಬ್ಬರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಗಂಟೆ ಕಳೆದರೂ ತಪ್ಪು ಯಾರ ತಲೆಗೂ ಅಂಟಲಿಲ್ಲ. ಕೊನೆಗೆ ನರ್ಸ್ ಎದ್ದು, "ಅಕ್ಕನ್ನ ಒಂದು ಮಾತು ಕೇಳೋಣ" ಎಂದಳು.

ಹೊಲಿಗೆಯಕ್ಕ ಹಿಂದಿನ ಸಾಲಿನಲ್ಲಿದ್ದಳು. ನಿಂತು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು:

"ಬಣ್ಣ, ಸೀಟಿ ಎಲ್ಲ ನೀವು ಸರಿ ಮಾಡ್ಕೋತೀರಿ, ದೊಡ್ಡೋರು. ನನಗೆ ಗೊತ್ತಿರೋದು ಒಂದೇ. ಕೆಳಗೆ ಬಿದ್ದೋರಿಗೆ ನೀವು ಮೂರು ತಂಡ ಅಂತ ಗೊತ್ತಿರಲ್ಲ. ಬೂಟಿನ ಸದ್ದು ಹತ್ತಿರ ಬಂತಾ, ದೂರ ಹೋಯ್ತಾ, ಅಷ್ಟೇ ಗೊತ್ತಾಗೋದು. ಇವತ್ತು ಎರಡು ಸಲ ಬಂದು ಎರಡು ಸಲ ಹೋಯ್ತು." ಬೆರಳಿಗೆ ಸುತ್ತಿದ್ದ ಸೆರಗು ಬಿಡಿಸಿ ಸೇರಿಸಿದಳು: "ಮುಂದಿನ ಸಲ ನಾನು ಮಲಗಲ್ಲ. ಮೊದಲು ನೀವು ಮಲಗಿ."

ಯಾರೂ ನಗಲಿಲ್ಲ.

ಅವಳು ಹೇಳಿದ್ದು ಸಿಟ್ಟಿನ ಮಾತಾಗಿತ್ತು. ಅವರು ಅದನ್ನು ಸೂಚನೆ ಎಂದು ಬರೆದುಕೊಂಡರು. ಪಟ್ಟಿಯ ಬಣ್ಣ, ಸೀಟಿಯ ಅರ್ಥ ಮೂರೂ ತಂಡಕ್ಕೆ ಒಂದೇ ಆದವು. ಅದಕ್ಕೆ ಎರಡು ತಿಂಗಳು ಹಿಡಿಯಿತು, ಜಗಳವೇನೂ ಕಡಿಮೆಯಿರಲಿಲ್ಲ. ಮುಂದಿನ ಜಂಟಿ ತರಬೇತಿಯಲ್ಲಿ ಮೂವರು ನಾಯಕರೂ ಒಬ್ಬೊಬ್ಬರಾಗಿ ಒಂದೊಂದು ಗಂಟೆ ಅವಶೇಷದ ಕೆಳಗೆ ಮಲಗಿದರು. ಹೊಲಿಗೆಯಕ್ಕ ಕೈಕಟ್ಟಿ ಹೊರಗೆ ನಿಂತಿದ್ದಳು. ನಿಂತು ನೋಡಿದರೆ ಇದೆಲ್ಲ ಎಷ್ಟು ಗದ್ದಲದ ಕೆಲಸ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಚೀಟಿ ಓದುವವರ ಮೇಲಿದ್ದ ಹಳೆಯ ಮುನಿಸು ಅರ್ಧ ಕರಗಿತು. ಇಷ್ಟು ಸದ್ದಿನಲ್ಲಿ, ಇಷ್ಟು ಅವಸರದಲ್ಲಿ, ಚೀಟಿ ಓದುವುದೇ ಸುಲಭ.

ಅಗ್ನಿಶಾಮಕದ ಅಧಿಕಾರಿ ಹೊರಬಂದಾಗ ತಲೆತುಂಬ ಸುಣ್ಣದ ಪುಡಿ. ನೀರು ಕುಡಿದು, ಅವಳ ಹತ್ತಿರ ಬಂದು ನಿಂತ.

"ಒಂದು ಹುಡುಗಿ ಬಂದು ಹತ್ತು ನಿಮಿಷದಲ್ಲಿ ಬರ್ತೀನಿ ಅಂದ್ಳು ಅಕ್ಕ," ಎಂದ. "ಬಂದಿದ್ದು ಹನ್ನೆರಡಕ್ಕೆ. ಆ ಎರಡು ನಿಮಿಷ..." ತಲೆ ಕೊಡವಿದ. ಸುಣ್ಣ ಉದುರಿತು.

"ಬಂದ್ಳಲ್ಲ," ಎಂದಳು ಅವಳು.

"ಬಂದ್ಳು."

ಅವಳು ಈಗಲೂ ತರಬೇತಿಗೆ ಹೋಗುತ್ತಾಳೆ. ಬೆನ್ನು ಕೇಳುವುದಿಲ್ಲವಾದ್ದರಿಂದ ಮಲಗುವುದು ತಿಂಗಳಿಗೊಮ್ಮೆ ಮಾತ್ರ. ಉಳಿದ ದಿನ ಹೊಸಬರ ಎದುರು ಕುರ್ಚಿ ಹಾಕಿಕೊಂಡು ಕೂತು, ಎತ್ತುವ ಮೊದಲು ಏನು ಹೇಳಬೇಕು, ಕೈ ಎಲ್ಲಿಡಬೇಕು, ಬಿಟ್ಟು ಹೋಗುವಾಗ ಹೇಗೆ ಹೋಗಬೇಕು ಎಂದು ಹೇಳಿಕೊಡುತ್ತಾಳೆ. ಸೊಸೆ ಈಗ ಮೇಷ್ಟ್ರಾಗಿದ್ದಾಳೆ ಎಂದು ಅತ್ತೆ ಬೀದಿಯವರಿಗೆಲ್ಲ ಸಾರಿಕೊಂಡು ಬಂದಿದ್ದಾರೆ.