ಸಿಸ್ಟರ್ ತಲೆಯ ಮೇಲೆ ಹೊತ್ತ ಸೀನು

ನಮ್ಮ ಸಿಸ್ಟರ್ ಸೀನಿದರೆಂದರೆ ತಲೆಯ ಬಿಳಿ ವಸ್ತ್ರ ಹಿಂದಕ್ಕೆ ಜಾರಿ, ಮೋಟು ಮಾಡಿಸಿದ ನರೆಗೂದಲು ಅಷ್ಟೂ ಹೊರಗೆ ಬೀಳುತ್ತಿತ್ತು. ಕುಲಗೋಡದ ಪುಟ್ಟ ದವಾಖಾನೆಯಲ್ಲಿ ನರ್ಸ್ ಆಗಿದ್ದ ಕ್ರೈಸ್ತ ಸನ್ಯಾಸಿನಿ ಅವರು. ಮೊದಲು ರೋಮಿನಲ್ಲಿ, ಆಮೇಲೆ ಸ್ಪೇನಿನಲ್ಲಿ ರೋಗಿಗಳ ಸೇವೆ ಮಾಡಿ ಬಂದವರು. ಯಾರೇ ಸೀನಲಿ, ಒಮ್ಮೆ ‘ಸಲೂತೆ’ ಅನ್ನುವರು, ಒಮ್ಮೆ ‘ಸಲೂದ್’ ಅನ್ನುವರು.

“ಅದೇನ್ರಿ ಸಿಸ್ಟರ್, ಬೈತೀರೇನು?” ಎಂದು ಕೇಳಿದ್ದೆ.

“ಆಶೀರ್ವಾದ ಅದು, ತಂಗಿ! ಒಂದು ಇಟಲಿಯವರದು, ಇನ್ನೊಂದು ಸ್ಪೇನಿನವರದು. ಎರಡಕ್ಕೂ ಆರೋಗ್ಯ ಅಂತ ಅರ್ಥ. ಇವೆರಡರ ಅವ್ವ ಲ್ಯಾಟಿನ್‌ದಾಗ ಅದಾಳ, ‘ಸಾಲುಸ್’. ಆಕಿ ದೊಡ್ಡಾಕಿ. ಆರೋಗ್ಯನೂ ಆಕೀನ, ಆಪತ್ತಿನಿಂದ ಪಾರಾಗೂದೂ ಆಕೀನ. ಪ್ರಾರ್ಥನಿಯೊಳಗ ಅಂದ್ರ ಮೋಕ್ಷ.”

ನನಗೋ ನಗು. ಸೀನಿದರೆ ಆಶೀರ್ವಾದವಂತೆ! ನಮ್ಮಲ್ಲಿ ಹೊರಡುವಾಗ ಒಂಟಿ ಸೀನು ಬಿದ್ದರೆ, ಚಪ್ಪಲಿ ಬಿಟ್ಟು ಕೂತು ನೀರು ಕುಡಿದೇ ಏಳಬೇಕು.

ಒಂದು ದಿನ ಕಬ್ಬಿನ ಬದುವಿನಲ್ಲಿ ನನ್ನ ಮಗಳಿಗೆ ಹಾವು ಕಚ್ಚಿತು. ನಾನೂ ನನ್ನ ಅತ್ತೆಯೂ ಎತ್ತಿಕೊಂಡು ದವಾಖಾನೆಗೆ ಓಡಿದೆವು. ಹಾವಿನ ಇಂಜೆಕ್ಷನ್ ಅಲ್ಲಿರಲಿಲ್ಲ, ಗೋಕಾಕಕ್ಕೇ ಹೋಗಬೇಕು. ಸಿಸ್ಟರ್ ಮಗಳ ಕಾಲು ಅಲುಗದಂತೆ ಪಟ್ಟಿ ಕಟ್ಟಿ, ಬಾಜೂ ಮನೆಯವನ ಜೀಪು ತರಿಸಿದರು. ಕೂಸಿನ ರೆಪ್ಪೆ ಆಗಲೇ ಜೋತುಬೀಳುತ್ತಿತ್ತು. ಜೀಪಿನವನು ಕೀಲಿ ತಿರುವಿದ, ಸೀನಿದ. ಒಂದೇ ಸೀನು. ಕೂಡಲೇ ಎಂಜಿನ್ ಬಂದ್ ಮಾಡಿದ.

“ಒಂಟಿ ಸೀನು ಬಿತ್ರಿ. ಐದು ನಿಮಿಷ ಕುಂತು ಹೋಗೂಣು.”

ಅತ್ತೆ ನೀರಿನ ತಂಬಿಗೆ ತರಲು ಜೀಪಿನಿಂದ ಇಳಿದೇಬಿಟ್ಟರು. ನಾನು ಹಾವಿಗೂ ಹೆದರಿದ್ದೆ, ಸೀನಿಗೂ ಹೆದರಿದ್ದೆ. ಶಿವನೇ, ಹೋದರೂ ಕೂಸು ಸಾಯುತ್ತದೆ, ಕೂತರೂ ಸಾಯುತ್ತದೆ ಎಂದು ಕೂಸಿನ ಕೈ ಹಿಡಿದು ಕೂತೆ.

ಸಿಸ್ಟರ್ ಯಾರನ್ನೂ ಬೈಯಲಿಲ್ಲ. ಜೀಪು ಹತ್ತಿ, ಕೂಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಸಾಲುಸ್” ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

“ಆಯಿ, ಗಾಡಿ ಹತ್ರಿ. ಈ ಸೀನಿನ ಕೇಡು ಏನಿದ್ರೂ ನನ್ನ ತಲಿ ಮ್ಯಾಲಿರ್ಲಿ, ದೇವರ ಆಣಿ. ತಮ್ಮಾ, ಬಿಡೋ ಗಾಡಿ!”

ಕೇಡು ಹೊರುವವರು ಸಿಕ್ಕಿದ್ದೇ ತಡ, ಅವನು ಗಾಡಿ ಬಿಟ್ಟ. ಗೋಕಾಕ ಮುಟ್ಟುವವರೆಗೂ ಸಿಸ್ಟರ್ ‘ಸಾಲುಸ್, ಸಾಲುಸ್’ ಎನ್ನುತ್ತಲೇ ಇದ್ದರು.

ಮಗಳು ಉಳಿದಳು, ಈಗ ಮೂಡಲಗಿಗೆ ಕಾಲೇಜಿಗೆ ಹೋಗುತ್ತಾಳೆ. ಸಿಸ್ಟರ್ ಮರುವರ್ಷವೇ, ದವಾಖಾನೆಯ ಬಾಗಿಲು ತೆಗೆಯುವಾಗ ಎದೆನೋವು ಬಂದು ಕುಸಿದವರು ಏಳಲಿಲ್ಲ.

ಆ ಸೀನಿನ ಕೇಡೇ ಅವರಿಗೆ ತಟ್ಟಿತೇನೋ ಎಂದರೆ, “ಅವ್ವಾ, ಹುಚ್ಚಿ ಏನ್ ನೀ? ಅವ್ರಿಗೆ ಮೊದಲಿಂದ ಎದಿ ಬ್ಯಾನಿ ಇತ್ತು,” ಎನ್ನುತ್ತಾಳೆ ಮಗಳು. ಖರೆ, ನನಗೂ ಗೊತ್ತು. ಆದರೂ ಅವಳು ಬಸ್ಸಿಳಿದು ನಡೆದು ಬರುವುದನ್ನು ಕಂಡಾಗಲೆಲ್ಲ, ‘ಆ ಕೇಡು ತಲಿ ಮ್ಯಾಲಿಂದ ಇಳಿಸ್ರಿ’ ಎಂದು ಸಿಸ್ಟರ್‌ಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ಮನಸ್ಸು ಚುಚ್ಚುತ್ತದೆ.